ಮಹಡಿ ಏರಿಸುವ ಮೊದಲು ಪಾಲಿನ ಮಾತು

ಮಕ್ಕಳು ಬೆಳೆದು ಮನೆ ಸಾಲದಾದಾಗ ನಮ್ಮ ಮಧ್ಯಮವರ್ಗದ ಕುಟುಂಬಗಳ ಮುಂದೆ ಮೂರು ದಾರಿಗಳಿರುತ್ತವೆ. ಊರಾಚೆ ನಿವೇಶನ ಕೊಂಡು ಹೊಸದಾಗಿ ಕಟ್ಟಬಹುದು. ಕಟ್ಟಿ ಮುಗಿದ ಮನೆಯನ್ನೋ ಫ್ಲ್ಯಾಟನ್ನೋ ಕೊಳ್ಳಬಹುದು. ಇಲ್ಲವೇ ಇರುವ ಮನೆಯ ಮೇಲೊಂದು ಮಹಡಿ ಏರಿಸಬಹುದು, ಹಿತ್ತಲಿಗೆ ಎರಡು ಕೋಣೆ ಸೇರಿಸಬಹುದು. ಮನೆಯವರ ಚರ್ಚೆಯೆಲ್ಲ ಮೊದಲ ಎರಡು ದಾರಿಗಳ ನಡುವೆಯೇ ಸುತ್ತುತ್ತದೆ. ಮೂರನೆಯದು ಮಾತಿಗೆ ಬಂದರೂ ಬಹಳ ಹೊತ್ತು ನಿಲ್ಲುವುದಿಲ್ಲ. ‘ಅಪ್ಪನ ಮನೆಗೆ ದುಡ್ಡು ಸುರಿದರೆ ನಾಳೆ ಅದು ಯಾರ ಪಾಲಿಗೋ’ ಎಂದು ಯಾರಾದರೂ ಅಂದರೆ ಮುಗಿಯಿತು, ಆ ವಿಷಯ ಅಲ್ಲಿಗೇ ನಿಲ್ಲುತ್ತದೆ.

ನನ್ನ ವಾದ ಇಷ್ಟು: ಒಂದೇ ಊರಿನಲ್ಲಿ ಬದುಕು ನಡೆಸುತ್ತಿರುವ, ಆಗಲೇ ಒಂದು ಮನೆ ಇರುವ ಕುಟುಂಬ ಮೊದಲು ತೂಗಿ ನೋಡಬೇಕಾದದ್ದು ಈ ಮೂರನೆಯ ದಾರಿಯನ್ನೇ. ಅದಕ್ಕೆ ಅಡ್ಡ ನಿಂತಿರುವುದು ಬಹಳಷ್ಟು ಸಲ ಗೋಡೆಯೂ ಅಲ್ಲ, ಹಣವೂ ಅಲ್ಲ. ಅಣ್ಣತಮ್ಮ, ಅಕ್ಕತಂಗಿಯರು ಕೂತು ಆಡದೇ ಉಳಿಸಿಕೊಂಡ ಪಾಲಿನ ಮಾತು ಅಡ್ಡ ನಿಂತಿದೆ. ಆ ಮಾತನ್ನು ತಪ್ಪಿಸಿಕೊಳ್ಳಲು ನಾವು ಇಪ್ಪತ್ತು ವರ್ಷದ ಸಾಲವನ್ನು ಹೊತ್ತುಕೊಳ್ಳುತ್ತಿದ್ದೇವೆ.

ಮೊದಲು ಲೆಕ್ಕ ನೋಡೋಣ. ಎಂಬತ್ತರ ದಶಕದಲ್ಲಿ 30-40 ನಿವೇಶನದಲ್ಲಿ ಕಟ್ಟಿದ ಒಂದು ನೆಲಮಹಡಿಯ ಮನೆಯನ್ನು ಕಲ್ಪಿಸಿಕೊಳ್ಳಿ. ಅದು ಮೈಸೂರಿನ ಕುವೆಂಪುನಗರದಲ್ಲಿರಬಹುದು, ಹುಬ್ಬಳ್ಳಿಯ ವಿದ್ಯಾನಗರದಲ್ಲಿರಬಹುದು, ಶಿವಮೊಗ್ಗದ ವಿನೋಬನಗರದಲ್ಲಿರಬಹುದು. ನಿವೃತ್ತ ತಂದೆತಾಯಿ, ಅದೇ ಊರಿನಲ್ಲಿ ಕೆಲಸದಲ್ಲಿರುವ ಮಗ, ಸೊಸೆ, ಇಬ್ಬರು ಮಕ್ಕಳು ಅಲ್ಲಿದ್ದಾರೆ. ಮದುವೆಯಾದ ಮಗಳು ಬೇರೆ ಊರಿನಲ್ಲಿದ್ದಾಳೆ. ಮಗ 80 ಲಕ್ಷ ರೂಪಾಯಿಯ, ಇನ್ನೂ ನಿರ್ಮಾಣದಲ್ಲಿರುವ ಫ್ಲ್ಯಾಟ್ ನೋಡಿ ಬಂದಿದ್ದಾನೆ ಎಂದುಕೊಳ್ಳೋಣ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ 30 ಲಕ್ಷದಿಂದ 75 ಲಕ್ಷದವರೆಗಿನ ಗೃಹಸಾಲಕ್ಕೆ ಬ್ಯಾಂಕು ಆಸ್ತಿಯ ಬೆಲೆಯ ಶೇ 80ಕ್ಕಿಂತ ಹೆಚ್ಚು ಕೊಡುವಂತಿಲ್ಲ. ಅಂದರೆ ಸಾಲ 64 ಲಕ್ಷ, ಕೈಯಿಂದ 16 ಲಕ್ಷ. ನಿರ್ಮಾಣ ಹಂತದ ಫ್ಲ್ಯಾಟ್‌ಗೆ ಶೇ 5 ಜಿಎಸ್‌ಟಿ ಇದೆ. ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕ ಶೇ 5; ಅದರ ಮೇಲೆ ಸೆಸ್ಸು, ಸರ್‌ಚಾರ್ಜು. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ 1ರ ಬದಲು ಶೇ 2 ಆಗಿದೆ. ಇವೆಲ್ಲ ಸೇರಿ ಹತ್ತು ಲಕ್ಷದ ಆಸುಪಾಸು. ಈ ತೆರಿಗೆ, ಶುಲ್ಕಗಳನ್ನು ಬ್ಯಾಂಕು ಸಾಮಾನ್ಯವಾಗಿ ಸಾಲದ ಲೆಕ್ಕಕ್ಕೆ ಹಿಡಿಯುವುದಿಲ್ಲವಾದ್ದರಿಂದ ಅದೂ ಕೈಯಿಂದಲೇ ಹೋಗಬೇಕು.

ಒಟ್ಟು 26 ಲಕ್ಷ ಕೈಯಿಂದ ಹೋಯಿತು. ಉಳಿದ 64 ಲಕ್ಷ ಸಾಲಕ್ಕೆ ಶೇ 8.5 ಬಡ್ಡಿಯಲ್ಲಿ ಇಪ್ಪತ್ತು ವರ್ಷ ತಿಂಗಳಿಗೆ ಸುಮಾರು 55,500 ರೂಪಾಯಿ ಕಂತು ಕಟ್ಟಬೇಕು. ಸಾಲ ತೀರುವ ಹೊತ್ತಿಗೆ ಬ್ಯಾಂಕಿಗೆ ಸಂದದ್ದು 1 ಕೋಟಿ 33 ಲಕ್ಷ.

ಅದೇ ಕುಟುಂಬ ಇರುವ ಮನೆಯ ಮೇಲೆ ಒಂಬತ್ತು ಚದರದ ಮಹಡಿ ಏರಿಸಿದರೆ? ದೊಡ್ಡ ಊರುಗಳಲ್ಲಿ ಈಗ ಚದರಕ್ಕೆ ಎರಡರಿಂದ ಎರಡೂವರೆ ಲಕ್ಷ ಹಿಡಿದರೂ ಹದಿನೆಂಟರಿಂದ ಇಪ್ಪತ್ತೆರಡೂವರೆ ಲಕ್ಷ. ಹೊರಗಿನಿಂದ ಮೆಟ್ಟಿಲು, ಮೇಲಿನ ನೀರಿನ ಟ್ಯಾಂಕು, ಹಳೆಯ ಪೈಪು ಮತ್ತು ವೈರಿಂಗಿನ ದುರಸ್ತಿ ಸೇರಿದರೆ ಇನ್ನೊಂದಿಷ್ಟು. ಫ್ಲ್ಯಾಟ್ ಕೊಳ್ಳಲು ಸಾಲದ ಆಚೆಗೆ ಹೊಂದಿಸಬೇಕಾದ ಮೊತ್ತದಲ್ಲೇ ಮಹಡಿಯ ಕೆಲಸ ಹೆಚ್ಚುಕಡಿಮೆ ಮುಗಿಯುತ್ತದೆ. 64 ಲಕ್ಷದ ಸಾಲ ಪೂರ್ತಿಯಾಗಿ ತಪ್ಪುತ್ತದೆ. ನಿವೇಶನದ ಬೆಲೆ ತಂದೆಯ ಕಾಲದಲ್ಲೇ ತೀರಿಹೋಗಿರುವುದೇ ಇದಕ್ಕೆ ಕಾರಣ. ನಗರದಲ್ಲಿ ಮನೆಯ ಬೆಲೆಯೆಂದರೆ ಬಹುಪಾಲು ನೆಲದ ಬೆಲೆ. ಆ ನೆಲ ಕೈಯಲ್ಲಿದ್ದೂ ಮತ್ತೊಮ್ಮೆ ನೆಲ ಕೊಳ್ಳುವ ಮೊದಲು ನಾಲ್ಕು ಸಲ ಯೋಚಿಸಬೇಕು.

ಹೊಸ ನಿವೇಶನದಲ್ಲಿ ಕಟ್ಟುವ ದಾರಿಗೂ ಒಳ್ಳೆಯ ಗುಣವಿದೆ. ಮುದ್ರಾಂಕ ಶುಲ್ಕ ನಿವೇಶನದ ಬೆಲೆಗಷ್ಟೇ ಬೀಳುತ್ತದೆ. ಅಡುಗೆಮನೆ ಎಲ್ಲಿ, ಕಿಟಕಿ ಎಷ್ಟು ದೊಡ್ಡದು ಎಂದು ನಾವೇ ತೀರ್ಮಾನಿಸಬಹುದು. ಆದರೆ ನಮ್ಮ ಕೈಗೆಟಕುವ ನಿವೇಶನಗಳು ಎಲ್ಲಿವೆ ಎಂದು ನೋಡಿ. ಭೂಪರಿವರ್ತನೆಯಾಗದ ಹೊಲದಲ್ಲಿ ಸುಣ್ಣದ ಗೆರೆ ಎಳೆದು ಮಾರಿದ ರೆವಿನ್ಯೂ ಸೈಟುಗಳಿಗೆ ಬಿ-ಖಾತಾ ಸಿಗಬಹುದು, ಬ್ಯಾಂಕಿನ ಸಾಲ ಸಿಗುವುದು ಕಷ್ಟ. ಇಂಥ ಕಟ್ಟಡಗಳನ್ನು ಸಕ್ರಮಗೊಳಿಸುತ್ತೇವೆಂದು ಸರ್ಕಾರ ತಂದ ಅಕ್ರಮ-ಸಕ್ರಮ ಯೋಜನೆಗೆ 2017ರಲ್ಲಿ ಸುಪ್ರೀಂ ಕೋರ್ಟ್ ತಡೆ ನೀಡಿತು. ಅದನ್ನೇ ನಂಬಿ ಕೊಂಡವರು ವರ್ಷಗಟ್ಟಲೆ ಕಾದರು. ಕಾಗದಪತ್ರ ಸರಿಯಿರುವ ಬಡಾವಣೆ ಊರಿಂದ ಬಹು ದೂರ. ಅಲ್ಲಿ ಕೊಳವೆಬಾವಿಯೋ ಟ್ಯಾಂಕರೋ ಗತಿ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಹೊರವಲಯದ ಬಡಾವಣೆಗಳು ನೀರಿಗಾಗಿ ಪಟ್ಟ ಪಾಡು ನಮ್ಮೆದುರಿಗೇ ಇದೆ. ಗುತ್ತಿಗೆದಾರನ ಚದರದ ದರದಲ್ಲಿ ಕಾಂಪೌಂಡು, ಗೇಟು, ಸಂಪು, ಕೊಳವೆಬಾವಿ, ಅಡುಗೆಮನೆಯ ಕಪಾಟು ಇರುವುದು ಅಪರೂಪ. ಸ್ಲ್ಯಾಬ್ ಹಾಕಿದ ಮೇಲೆ ನೀರುಣಿಸಲು, ಬಂದ ಸಿಮೆಂಟು ಮತ್ತು ಕಂಬಿ ಎಣಿಸಲು, ಮೇಸ್ತ್ರಿಯ ಜತೆ ನಿಲ್ಲಲು ಮನೆಯಲ್ಲಿ ಯಾರಿಗಾದರೂ ಒಂದು ವರ್ಷದ ಬಿಡುವು ಬೇಕು. ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಯಲ್ಲಿ ಆ ಬಿಡುವು ಎಲ್ಲಿಂದ ಬರಬೇಕು?

ಕೊಳ್ಳುವ ದಾರಿಗೆ 2016ರ ರಿಯಲ್ ಎಸ್ಟೇಟ್ ಕಾಯ್ದೆ, ಅಂದರೆ ರೇರಾ, ಸ್ವಲ್ಪ ಬಲ ತಂದಿದೆ. ಬಿಲ್ಡರ್ ಕಾರ್ಪೆಟ್ ಏರಿಯಾ ಹೇಳಿಯೇ ಮಾರಬೇಕು, ನೋಂದಾಯಿತ ಕರಾರಿಲ್ಲದೆ ಶೇ 10ಕ್ಕಿಂತ ಹೆಚ್ಚು ಮುಂಗಡ ತೆಗೆದುಕೊಳ್ಳಬಾರದು, ಗ್ರಾಹಕರಿಂದ ಬಂದ ಹಣದ ಶೇ 70 ಭಾಗವನ್ನು ಆ ಯೋಜನೆಗೇ ಮೀಸಲಾದ ಪ್ರತ್ಯೇಕ ಖಾತೆಯಲ್ಲಿಡಬೇಕು. ಮನೆ ಹಸ್ತಾಂತರವಾದ ಮೇಲೂ ಐದು ವರ್ಷ ಕಟ್ಟಡದ ರಚನೆಯಲ್ಲಿ ದೋಷ ಕಂಡರೆ ಸರಿಪಡಿಸುವ ಹೊಣೆ ಅವನದೇ. ಮೆಟ್ಟಿಲೇರಲಾರದ ವೃದ್ಧರಿಗೆ ಲಿಫ್ಟ್, ಮಕ್ಕಳು ದೂರವಿದ್ದು ಒಂಟಿಯಾಗಿರುವವರಿಗೆ ಕಾವಲು, ಆಗಾಗ ಊರು ಬದಲಿಸುವ ಕೆಲಸದವರಿಗೆ ಬಾಡಿಗೆಗೆ ಕೊಡುವ ಸೌಕರ್ಯ ಇವೆಲ್ಲ ಫ್ಲ್ಯಾಟಿನ ನಿಜವಾದ ಅನುಕೂಲಗಳು. ಆದರೂ ಫ್ಲ್ಯಾಟಿನಲ್ಲಿ ನಮಗೆ ಸೇರುವ ನೆಲ ಅವಿಭಜಿತ ಹಕ್ಕಿನ ಒಂದು ಚೂರು. ಕಟ್ಟಡ ವರ್ಷಕ್ಕೆ ವರ್ಷ ಹಳತಾಗುತ್ತದೆ. ನಾಳೆ ಇನ್ನೊಂದು ಕೋಣೆ ಬೇಕೆಂದರೆ ಸೇರಿಸಿಕೊಳ್ಳುವ ದಾರಿಯಿಲ್ಲ.

ಹಾಗೆಂದು ಹಳೆಯ ಮನೆಯ ಮೇಲೆ ಕಣ್ಣುಮುಚ್ಚಿ ಇಟ್ಟಿಗೆ ಪೇರಿಸಲಾಗದು. ಎಂಬತ್ತರ ದಶಕಕ್ಕಿಂತ ಹಿಂದಿನ ಎಷ್ಟೋ ಮನೆಗಳಲ್ಲಿ ಕಾಲಂಗಳೇ ಇಲ್ಲ. ಚಾವಣಿಯ ಭಾರವನ್ನು ಗೋಡೆಗಳೇ ಹೊರುತ್ತವೆ. ಅಂಥ ಮನೆಯ ಮೇಲೆ ಮಹಡಿ ಏರಿಸಲು ಆಗುವುದೇ ಇಲ್ಲವೆಂದಲ್ಲ. ಆದರೆ ಮೇಲಿನ ಗೋಡೆ ಕೆಳಗಿನ ಗೋಡೆಯ ನೇರಕ್ಕೇ ಕೂರಬೇಕು, ಪಾಯದ ಅಗಲ ಮತ್ತು ಆಳ ಸಾಕಷ್ಟಿರಬೇಕು. ಇದನ್ನು ಗೋಡೆ ತಟ್ಟಿ ನೋಡಿ ಹೇಳಲಾಗದು. ಮನೆಯ ಪಕ್ಕದಲ್ಲೊಂದು ಗುಂಡಿ ತೋಡಿ ಪಾಯವನ್ನು ಕಣ್ಣಾರೆ ನೋಡಬೇಕು. ಹುಬ್ಬಳ್ಳಿ-ಧಾರವಾಡ, ಗದಗದ ಕಡೆಯ ಎರೆಭೂಮಿಯಲ್ಲಿ ಈ ಪರೀಕ್ಷೆ ಇನ್ನೂ ಮುಖ್ಯ. ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವಾಗ ಆಳವಿಲ್ಲದ ಪಾಯ ಅದರೊಂದಿಗೇ ಏರಿಳಿಯುತ್ತದೆ. ಗೋಡೆಯಲ್ಲಿ ಓರೆಯಾಗಿ ಬಿಟ್ಟ ಬಿರುಕು ಇದ್ದರೆ ಮೊದಲು ಅದರ ಕಾರಣ ತಿಳಿಯಬೇಕು.

ಕಾಲಂ ಇರುವ ಮನೆಯಲ್ಲೂ ಎಚ್ಚರ ಬೇಕು. ಮುಂದೆ ಮಹಡಿ ಕಟ್ಟೋಣವೆಂದು ತಾರಸಿಯ ಮೇಲೆ ಬಿಟ್ಟ ಕಂಬಿಗಳು ಇಪ್ಪತ್ತು ಮಳೆಗಾಲ ನೆನೆದು ತುಕ್ಕು ಹಿಡಿದಿರುತ್ತವೆ. ಕಂಬಿ ಎಷ್ಟು ಸವೆದಿದೆ, ಕಾಂಕ್ರೀಟಿಗೆ ಈಗೆಷ್ಟು ಬಲವಿದೆ ಎಂದು ಸ್ಟ್ರಕ್ಚರಲ್ ಇಂಜಿನಿಯರ್ ಪರೀಕ್ಷಿಸಿ ಬರೆದುಕೊಡಬೇಕು. ಈ ವರದಿಗೆ ತಗಲುವ ಖರ್ಚು ಮಹಡಿಯ ಖರ್ಚಿನಲ್ಲಿ ಒಂದು ಸಣ್ಣ ಪಾಲು. 2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ಅನುಮತಿ ಮೀರಿ ಮಹಡಿ ಏರಿಸಿದ್ದ, ಇನ್ನೂ ಕಟ್ಟುತ್ತಿದ್ದ ಕಟ್ಟಡ ಕುಸಿದು ಕೂಲಿಕಾರರು ಸತ್ತರು. ಪಾಯ ಹೊರಲಾರದ ಭಾರವನ್ನು ಅದರ ಮೇಲೆ ಹೇರುವ ಹಕ್ಕು ಯಾರಿಗೂ ಇಲ್ಲ, ಅದು ಸ್ವಂತ ಮನೆಯೇ ಆಗಿರಲಿ. ವರದಿ ‘ಬೇಡ’ ಎಂದರೆ ಅಲ್ಲಿಗೆ ಬಿಡಬೇಕು. ‘ಹೌದು’ ಎನ್ನುವ ಮೇಸ್ತ್ರಿಯನ್ನು ಹುಡುಕಿಕೊಂಡು ಹೋಗಬಾರದು.

ಪಕ್ಕಕ್ಕೆ ಸೇರಿಸುವ ಕೋಣೆಗಳಲ್ಲಿ ಇನ್ನೊಂದು ಬಗೆಯ ಕೇಡಿದೆ. ಮನೆಯ ಸುತ್ತ ಖಾಲಿ ಬಿಡಬೇಕಾದ ಸೆಟ್‌ಬ್ಯಾಕ್ ಜಾಗವನ್ನು ನುಂಗಿ ಕಟ್ಟಿದ ಕೋಣೆ ಹಳೆಯ ಅಡುಗೆಮನೆಯ ಕಿಟಕಿಯನ್ನು ಮುಚ್ಚಿಬಿಡುತ್ತದೆ. ಹಗಲು ಹನ್ನೆರಡು ಗಂಟೆಗೂ ದೀಪ ಹಾಕಿಕೊಂಡು ಅಲ್ಲಿ ಬೇಯಿಸುವವರು ಹೆಂಗಸರು. ನಕ್ಷೆ ಮಾಡುವಾಗ ಅವರ ಮಾತು ಕೇಳಿದ್ದರೆ ಆ ಕಿಟಕಿ ಉಳಿಯುತ್ತಿತ್ತು. ಮನೆ ಬೆಳೆಯುವುದೂ ಒಂದು ವಿನ್ಯಾಸದ ಕೆಲಸ ಎಂದು ನಮ್ಮ ದೇಶದ ದೊಡ್ಡ ವಾಸ್ತುಶಿಲ್ಪಿಗಳೇ ತೋರಿಸಿಕೊಟ್ಟಿದ್ದಾರೆ. ಇಂದೋರ್‌ನ ಅರಣ್ಯ ಬಡಾವಣೆಯಲ್ಲಿ ಬಾಲಕೃಷ್ಣ ದೋಶಿಯವರು ಬಡ ಕುಟುಂಬಗಳಿಗೆ ಪಾಯ, ಶೌಚಾಲಯ, ಒಂದು ಪುಟ್ಟ ಮೂಲಘಟಕದಷ್ಟನ್ನು ಒದಗಿಸಿ, ಉಳಿದದ್ದನ್ನು ಆಯಾ ಕುಟುಂಬ ತನ್ನ ಶಕ್ತಿಗೆ ತಕ್ಕಂತೆ ವರ್ಷಗಳಲ್ಲಿ ಕಟ್ಟಿಕೊಳ್ಳುವಂತೆ ಯೋಜಿಸಿದರು. ಮನೆ ಎಲ್ಲಿ ಬೆಳೆಯಬಹುದು, ಎಲ್ಲಿ ಬೆಳೆಯಬಾರದು ಎಂಬುದು ಮೊದಲೇ ನಿರ್ಧಾರವಾಗಿತ್ತು. ಆ ಯೋಜನೆಗೆ 1995ರಲ್ಲಿ ಆಗಾ ಖಾನ್ ಪ್ರಶಸ್ತಿ ಬಂತು. ನಮ್ಮ ಊರುಗಳಲ್ಲಿ ಕಡಿಮೆ ಮತ್ತು ಮಧ್ಯಮ ಆದಾಯದವರಿಗೆಂದು ಮಾಡಿದ ಎಲ್‌ಐಜಿ, ಎಂಐಜಿ ಬಡಾವಣೆಗಳ ಮನೆಗಳೂ ಕೋಣೆಗೊಂದು ಕೋಣೆ ಸೇರುತ್ತಲೇ ಬೆಳೆದಿವೆ. ಆದರೆ ಆ ಬೆಳವಣಿಗೆಗೆ ಯಾರೂ ನಕ್ಷೆ ಹಾಕಿಕೊಡಲಿಲ್ಲ.

ಗೋಡೆ, ಪಾಯ, ಲೆಕ್ಕ ಎಲ್ಲವೂ ಒಪ್ಪಿಗೆಯಾದವು ಎಂದುಕೊಳ್ಳಿ. ಈಗ ನಿಜವಾದ ತೊಡಕು ಎದುರಾಗುತ್ತದೆ. ಮನೆ ತಂದೆಯ ಸ್ವಯಾರ್ಜಿತವಾಗಿದ್ದು ಅವರು ಉಯಿಲು ಬರೆಯದೆ ತೀರಿಕೊಂಡರೆ, ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ತಂದೆಯ ತಾಯಿ ಬದುಕಿದ್ದರೆ ಅವರೂ ಸಮಾನ ಪಾಲುದಾರರು. ಪಿತ್ರಾರ್ಜಿತವಾಗಿದ್ದರೆ ಹೆಣ್ಣುಮಕ್ಕಳ ಹಕ್ಕು ಹುಟ್ಟಿನಿಂದಲೇ ಬರುತ್ತದೆ. ಕರ್ನಾಟಕ ಈ ಹಕ್ಕನ್ನು 1994ರಲ್ಲೇ ತನ್ನ ತಿದ್ದುಪಡಿಯ ಮೂಲಕ ಒಂದು ಮಟ್ಟಿಗೆ ಕೊಟ್ಟಿತು, ಕೇಂದ್ರದ ಕಾನೂನು 2005ರಲ್ಲಿ ಬಂತು, 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಉಳಿದ ಗೊಂದಲವನ್ನೂ ತೆಗೆಯಿತು. ಮುಸ್ಲಿಂ, ಕ್ರೈಸ್ತ ಕುಟುಂಬಗಳಲ್ಲಿ ಪಾಲಿನ ನಿಯಮ ಬೇರೆ, ಪ್ರಶ್ನೆ ಅದೇ. ಇಪ್ಪತ್ತು ಲಕ್ಷ ಹಾಕಿ ಮಹಡಿ ಕಟ್ಟಿದ ಮಗ ನಾಳೆ ‘ಇದು ನನ್ನದು’ ಎನ್ನಬೇಕಾದರೆ ಕೈಯಲ್ಲಿ ಕಾಗದವಿರಬೇಕು. ಇಲ್ಲದಿದ್ದರೆ ಯಾರು ಎಷ್ಟು ಹಾಕಿದರು ಎಂದು ಸಾಬೀತುಪಡಿಸಲು ಸಿವಿಲ್ ಕೋರ್ಟಿನ ಮೆಟ್ಟಿಲು ಹತ್ತಬೇಕು. ಬದುಕಿನ ಒಳ್ಳೆಯ ವರ್ಷಗಳು ಅಲ್ಲಿ ಕಳೆದುಹೋಗುತ್ತವೆ.

ಕಾಗದವಿಲ್ಲದಿದ್ದರೆ ಸಾಲಕ್ಕೂ ತೊಡಕು. ಮನೆಯ ಒಡೆಯ ಸಹ-ಅರ್ಜಿದಾರನಾಗದೆ ಬ್ಯಾಂಕು ಮುಂದಕ್ಕೆ ಹೋಗುವುದಿಲ್ಲ. ಹಳೆಯ ಆದಾಯತೆರಿಗೆ ಪದ್ಧತಿಯಲ್ಲಿರುವವರಿಗೆ ಸಿಗುವ ಬಡ್ಡಿಯ ವಿನಾಯಿತಿಯೂ ಮನೆಯ ಮಾಲೀಕನಿಗೇ ಹೊರತು ಬರೀ ಕಂತು ಕಟ್ಟುವವನಿಗಲ್ಲ.

ಆದ್ದರಿಂದ ಗುದ್ದಲಿ ಪೂಜೆಗೆ ಮೊದಲು ಮನೆಯವರೆಲ್ಲ ಕೂತು ಮಾತಾಡಬೇಕು, ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನೂ ಕರೆದು. ಇಲ್ಲಿ ನಮ್ಮ ಸಮಾಜ ಒಂದು ಅನ್ಯಾಯವನ್ನು ಬಹಳ ಸಹಜವೆಂಬಂತೆ ನಡೆಸಿಕೊಂಡು ಬಂದಿದೆ. ಅಣ್ಣ ಮನೆ ಕಟ್ಟುತ್ತಿದ್ದಾನೆ, ತವರಿನ ಬಾಗಿಲು ತೆರೆದಿರಬೇಕಲ್ಲ ಎಂದು ಹೇಳಿ, ಅರಿಶಿನ-ಕುಂಕುಮಕ್ಕೆಂದು ಒಂದಿಷ್ಟು ಕೊಟ್ಟು, ತಂಗಿಯ ಕೈಯಲ್ಲಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುವುದು. ಅವಳು ಸಹಿ ಹಾಕುವುದು ಪ್ರೀತಿಯಿಂದಲೂ ಇರಬಹುದು, ತವರು ತಪ್ಪಿಹೋದೀತೆಂಬ ಭಯದಿಂದಲೂ ಇರಬಹುದು. ಆ ಭಯವನ್ನು ಪ್ರೀತಿಯೆಂದು ಲೆಕ್ಕ ಬರೆದುಕೊಳ್ಳುವುದು ತಪ್ಪು. ಮಹಡಿ ಏರಿಸಿ ಉಳಿಯುವ ಹಣ ಯಾರ ನೆಲದ ಮೇಲೆ ಉಳಿಯುತ್ತಿದೆ? ಮೇಲಿನ ಲೆಕ್ಕದಲ್ಲಿ ಮಗನಿಗೆ ತಪ್ಪಿದ 64 ಲಕ್ಷದ ಸಾಲದಲ್ಲಿ ಒಂದು ಭಾಗ ತಂಗಿಯ ಪಾಲಿನ ನೆಲದಿಂದ ಬಂದದ್ದು. ಅವಳ ಪಾಲಿಗೆ ನ್ಯಾಯವಾದ ಬೆಲೆ ಕಟ್ಟಿ, ಒಮ್ಮೆಗೇ ಆಗದಿದ್ದರೆ ಕಂತಿನಲ್ಲಾದರೂ ಕೊಟ್ಟರೂ, ಫ್ಲ್ಯಾಟಿಗಿಂತ ಈ ದಾರಿ ಹಗುರವಾಗಿರುವ ಮನೆಗಳು ಬಹಳಷ್ಟಿವೆ. ಬ್ಯಾಂಕಿಗೆ ಬಡ್ಡಿ ಕಟ್ಟಲು ಸಿದ್ಧನಿರುವವನು ಒಡಹುಟ್ಟಿದವಳಿಗೆ ಅವಳ ಪಾಲು ಕೊಡಲು ಹಿಂಜರಿಯಬಾರದು.

ಕಾಗದ ಹೇಗಿರಬೇಕೆಂಬುದು ಕುಟುಂಬದಿಂದ ಕುಟುಂಬಕ್ಕೆ ಬೇರೆ. ತಂದೆಯೇ ಮಹಡಿಯ ಹಕ್ಕನ್ನು ಮಗನಿಗೆ, ನೆಲಮಹಡಿಯನ್ನು ಹೆಂಡತಿಯ ನಂತರ ಮಗಳಿಗೆ ಎಂದು ಉಯಿಲು ಬರೆಯಬಹುದು. ನೋಂದಾಯಿತ ಪಾಲುಪತ್ರ ಮಾಡಿಕೊಳ್ಳಬಹುದು. ಒಂದಂಶವನ್ನು ದಾನಪತ್ರದ ಮೂಲಕ ಕೊಡಬಹುದು. ಹತ್ತಿರದ ಕುಟುಂಬದೊಳಗಿನ ದಾನಪತ್ರಕ್ಕೆ ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕ ಕ್ರಯಪತ್ರದ್ದಕ್ಕಿಂತ ತೀರ ಕಡಿಮೆ. ಆದರೆ ಹಿರಿಯರು ಇರುವುದನ್ನೆಲ್ಲ ಬರೆದುಕೊಟ್ಟು ಬರಿಗೈಯಾಗಬಾರದು. ತಾಯಿಗೆ ಬದುಕಿರುವವರೆಗೆ ಆ ಮನೆಯಲ್ಲಿ ವಾಸದ ಹಕ್ಕಿದೆಯೆಂದು ಪತ್ರದಲ್ಲೇ ಕಾಣಿಸಬೇಕು. ನೋಡಿಕೊಳ್ಳುವ ಷರತ್ತನ್ನೂ ಬರೆಸಬೇಕು. ಹಾಗೆ ಬರೆಸಿದ್ದರೆ, ಮಕ್ಕಳು ಆ ಮಾತಿಗೆ ತಪ್ಪಿದಾಗ ದಾನವನ್ನು ರದ್ದುಪಡಿಸಿಕೊಳ್ಳಲು 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ ಅವಕಾಶ ಕೊಡುತ್ತದೆ. ಇದನ್ನೆಲ್ಲ ಒಬ್ಬ ವಕೀಲರ ಮುಂದೆ, ಎಲ್ಲರೂ ಕೇಳಿಸಿಕೊಳ್ಳುವಂತೆ ಮಾಡಬೇಕು.

ಈ ವಾದಕ್ಕೆ ಬರುವ ಆಕ್ಷೇಪಗಳಲ್ಲಿ ಒಂದು ನಿಜಕ್ಕೂ ಗಟ್ಟಿಯಾದದ್ದು. ಹೊಸ ಮನೆಯ ಆಸೆಯ ಹಿಂದೆ ಸೊಸೆಯ ಸ್ವಾತಂತ್ರ್ಯದ ಹಂಬಲವಿರುತ್ತದೆ. ಅತ್ತೆಮಾವನ ಮೇಲ್ಮಹಡಿ ಅದನ್ನು ಕಸಿದುಕೊಳ್ಳುವುದಿಲ್ಲವೇ? ಕಸಿಯಬಹುದು. ಆದ್ದರಿಂದಲೇ ಮಹಡಿಗೆ ಹೊರಗಿನಿಂದ ಮೆಟ್ಟಿಲು, ಬೇರೆ ಅಡುಗೆಮನೆ, ಬೇರೆ ವಿದ್ಯುತ್ ಮೀಟರು ಇರಬೇಕೆನ್ನುವುದು. ಒಂದೇ ನೆಲದಲ್ಲಿ ಎರಡು ಒಲೆ ಉರಿದರೆ ಕುಟುಂಬ ಒಡೆಯಿತೆಂದು ತಿಳಿಯುವವರು ಮಹಡಿ ಏರಿಸದಿರುವುದೇ ವಾಸಿ. ಅಷ್ಟಾದರೂ ಆಕೆಗೆ ಬೇಡವೆನಿಸಿದರೆ ಆ ಬೇಡಕ್ಕೆ ಯಾವ ಉಳಿತಾಯದ ಲೆಕ್ಕವೂ ಉತ್ತರವಾಗಲಾರದು. ಆ ಮನೆಯಲ್ಲಿ ದಿನ ತೆಗೆಯಬೇಕಾದವಳು ಅವಳು.

ಮಕ್ಕಳೆಲ್ಲ ಬೇರೆ ಊರುಗಳಲ್ಲಿ ನೆಲೆಯೂರಿದ್ದರೆ ಈ ವಾದ ಅನ್ವಯಿಸುವುದಿಲ್ಲ. ದಾವಣಗೆರೆಯ ಮಹಡಿ ಬೆಂಗಳೂರಿನಲ್ಲಿ ದುಡಿಯುವವನ ಬಾಡಿಗೆಯನ್ನು ಉಳಿಸುವುದಿಲ್ಲ. ಪಾಯ ದುರ್ಬಲವಾಗಿದ್ದರೂ ಅಷ್ಟೇ, ಪಾಲಿನ ಮಾತು ಆಡಿದ ಮೇಲೂ ಒಮ್ಮತ ಹುಟ್ಟದಿದ್ದರೂ ಅಷ್ಟೇ. ಆಗ ಕೊಳ್ಳಬೇಕು, ಇಲ್ಲವೇ ಬಿಡುವಿದ್ದರೆ ಕಟ್ಟಬೇಕು. ಕಟ್ಟುವುದಾದರೆ ಇಂದಿಗೆ ಬೇಕಾದಷ್ಟನ್ನೇ ಕಟ್ಟಿ, ನಾಳೆಯ ಮಹಡಿಗೆ ಬೇಕಾದ ಪಾಯ, ಕಾಲಂ, ಮೆಟ್ಟಿಲಿನ ಜಾಗವನ್ನು ನಕ್ಷೆಯಲ್ಲೇ ಗುರುತಿಸಿಡಬೇಕು. ಐವತ್ತರ ವಯಸ್ಸಿನಲ್ಲಿ ನಾಲ್ಕು ಮಲಗುವ ಕೋಣೆ ಕಟ್ಟಿಸಿ, ಅರವತ್ತಕ್ಕೆ ಮೂರನ್ನು ಬೀಗ ಹಾಕಿಟ್ಟುಕೊಂಡವರು ನಮ್ಮ ಬೀದಿಬೀದಿಯಲ್ಲೂ ಇದ್ದಾರೆ.

ಸರ್ಕಾರವೂ ಇಲ್ಲಿ ಮಾಡಬೇಕಾದ ಕೆಲಸವಿದೆ. ಹಳೆಯ ಮನೆಗೆ ಸುರಕ್ಷಿತವಾಗಿ ಮಹಡಿ ಸೇರಿಸಲು ಬರುವವರನ್ನು ನಗರಪಾಲಿಕೆಗಳು ಹೊಸ ಕಟ್ಟಡದವರಂತೆಯೇ ಕಿಟಕಿಯಿಂದ ಕಿಟಕಿಗೆ ಅಲೆಸಬಾರದು. ಇಂಜಿನಿಯರರ ವರದಿ ಮತ್ತು ಒಡೆಯರೆಲ್ಲರ ಒಪ್ಪಿಗೆ ಇದ್ದರೆ ಬೇಗ ಅನುಮತಿ ಸಿಗುವ ಬೇರೆಯದೇ ವ್ಯವಸ್ಥೆ ಬೇಕು. ನೀರು, ಚರಂಡಿ, ರಸ್ತೆ, ಶಾಲೆ ಎಲ್ಲ ಆಗಲೇ ಇರುವ ಬಡಾವಣೆಯಲ್ಲಿ ಮನೆಗಳು ಹಿತಮಿತವಾಗಿ ಮೇಲಕ್ಕೆ ಬೆಳೆದರೆ ಊರಾಚೆಯ ಹೊಲ ಹೊಲವಾಗಿ ಉಳಿಯುತ್ತದೆ.

ಕಾನೂನು ಬದಲಾಗುವವರೆಗೆ ಕಾಯದೆ ಕುಟುಂಬವೇ ಮಾಡಬಹುದಾದದ್ದು ಒಂದಿದೆ. ಮನೆಯ ಹಿರಿಯರು ತಾವು ಗಟ್ಟಿಯಾಗಿರುವಾಗಲೇ ಮಕ್ಕಳನ್ನೆಲ್ಲ ಕರೆದು, ಈ ನೆಲದಲ್ಲಿ ಯಾರಿಗೆ ಎಷ್ಟು ಎಂದು ಬಾಯಿಬಿಟ್ಟು ಹೇಳಬೇಕು, ಹೇಳಿದ್ದನ್ನು ಬರೆಸಬೇಕು. ಮಕ್ಕಳು ಆ ಮಾತನ್ನು ದುರಾಸೆಯೆಂದು ತಿಳಿಯದೆ ಕೇಳಿಸಿಕೊಳ್ಳಬೇಕು. ಪಾಲಿನ ಮಾತು ಆಡಲಾಗದ ಕುಟುಂಬ ಮಹಡಿ ಏರಿಸಬಾರದು. ಆಡಬಲ್ಲ ಕುಟುಂಬಕ್ಕೆ, ಪಾಯ ಗಟ್ಟಿಯಿದ್ದರೆ, ಹೊಸ ನಿವೇಶನ ಹುಡುಕುವ ಅಗತ್ಯವೇ ಬಾರದಿರಬಹುದು.